ಐದು ವರ್ಷದ ಮಗ ಲಂಗ ಬೇಕು ಅಂತಾನೆ, ಅಪ್ಪನಾದವನು ಏನು ಮಾಡಬೇಕು?

ನೀವು ಕೇಳಿರೋದು ಮೂರು ವಿಷಯ. ಅಕ್ಕನ ಲಂಗ ಹಾಕ್ಕೊಳ್ತೀನಿ ಅಂತ ಹಠ ಹಿಡಿದಿರೋ ಮಗನನ್ನ ಬಿಡಬೇಕಾ, ಬಿಟ್ಟರೆ ಮುಂದೆ ಏನಾದರೂ ಹೆಚ್ಚುಕಮ್ಮಿ ಆಗುತ್ತಾ, ಮಗನಿಗೋಸ್ಕರ ತಾನೂ ಸ್ಕರ್ಟ್ ಹಾಕಿಕೊಂಡು ಬೀದಿಗೆ ಬಂದ ಆ ಜರ್ಮನಿಯ ಅಪ್ಪ ಮಾಡಿದ್ದು ಅತಿಯಾಯ್ತಲ್ಲವಾ ಅಂತ. ಮೊದಲನೆಯದಕ್ಕೆ ನನ್ನ ಉತ್ತರ: ಬಿಡಿ. ಎರಡನೆಯದಕ್ಕೆ: ಲಂಗದಿಂದ ಏನೂ ಆಗಲ್ಲ. ಮೂರನೆಯದನ್ನ ಮಾತ್ರ ಸ್ವಲ್ಪ ಕೂತು ಮಾತಾಡಬೇಕು. ನಾನು ಹಾಸನದಲ್ಲಿ ಹೆಂಗಸರ, ಮಕ್ಕಳ ಬಟ್ಟೆ ಹೊಲಿಯೋಳು. ಲಂಗದ ವಿಚಾರ ಬಂದರೆ ಸುಮ್ಮನಿರೋಕೆ ಆಗಲ್ಲ.

ಆ ಅಪ್ಪನ ಹೆಸರು ನಿಲ್ಸ್ ಪಿಕರ್ಟ್. 2012ರಲ್ಲಿ ಜರ್ಮನಿಯ 'ಎಮ್ಮಾ' ಅನ್ನೋ ಸ್ತ್ರೀವಾದಿ ಪತ್ರಿಕೆಗೆ ತಮ್ಮ ಕಥೆಯನ್ನ ತಾವೇ ಬರೆದರು. ಐದು ವರ್ಷದ ಮಗನಿಗೆ ಫ್ರಾಕು, ಸ್ಕರ್ಟು ಇಷ್ಟ. ಬರ್ಲಿನ್‌ನಲ್ಲಿದ್ದಾಗಲೇ ಅದರಿಂದ ಅವನಿಗೆ ಗೆಳೆಯರೇನೂ ಸಿಕ್ಕಿರಲಿಲ್ಲ. ಆಮೇಲೆ ಸಂಸಾರ ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿಗೆ ಹೋಯ್ತು. ಸಂಪ್ರದಾಯದ ಊರು, ದೇವರು ದಿಂಡರು ಜಾಸ್ತಿ. ಅಂಥಾ ಕಡೆ ಇಂಥಾ ಸುದ್ದಿ ಬಾಯಿಂದ ಬಾಯಿಗೆ ಹೋಗೋಕೆ ಎಷ್ಟು ಹೊತ್ತು ಬೇಕು? ಸ್ಕರ್ಟ್ ಹಾಕಿಕೊಂಡು ಶಿಶುವಿಹಾರಕ್ಕೆ ಹೋಗೋಕೆ ಮಗು ಹೆದರಿತು. ಅಪ್ಪನ್ನ ಕೇಳಿತು, ನೀನು ಮತ್ತೆ ಯಾವಾಗ ಸ್ಕರ್ಟ್ ಹಾಕ್ಕೊಳ್ತೀಯಾ ಅಂತ.

ಅಪ್ಪ ಹಾಕಿಕೊಂಡರು. ಮುಂದಿನದನ್ನ ಕೇಳಿದರೆ ನಗು ಬರುತ್ತೆ. ಇಬ್ಬರೂ ಬೀದಿಯಲ್ಲಿ ಹೋಗ್ತಿದ್ದಾಗ ಒಬ್ಬ ಹೆಂಗಸು ಇವರನ್ನೇ ನೋಡ್ತಾ ನೋಡ್ತಾ ಮುಂದಿದ್ದ ಬೀದಿದೀಪದ ಕಂಬ ಕಾಣದೆ ಅದಕ್ಕೇ ಹೋಗಿ ಗುದ್ದಿಕೊಂಡಳಂತೆ. ಹುಡುಗ ಬಿದ್ದೂ ಬಿದ್ದೂ ನಕ್ಕ. ಮಾರನೇ ದಿನ ಬೀರುವಿನಿಂದ ತನ್ನ ಫ್ರಾಕು ಎಳೆದ. ಮೊದಮೊದಲು ಶನಿವಾರ ಭಾನುವಾರಕ್ಕೆ, ಆಮೇಲೆ ಶಿಶುವಿಹಾರಕ್ಕೂ. ಬೇರೆ ಹುಡುಗರು ಆಡಿಕೊಳ್ಳೋಕೆ ಬಂದರೆ ಅವನ ಉತ್ತರ ರೆಡಿ ಇರುತ್ತಿತ್ತಂತೆ: ನಿಮ್ಮ ಅಪ್ಪಂದಿರಿಗೆ ಧೈರ್ಯ ಇಲ್ಲ, ಅದಕ್ಕೇ ನಿಮಗೂ ಇಲ್ಲ. ಐದು ವರ್ಷದ ಹುಡುಗನ ಬಾಯಲ್ಲಿ ಈ ಮಾತು!

ಪಿಕರ್ಟ್ ಕೊಟ್ಟ ಕಾರಣ ನನಗೆ ಹಿಡಿಸಿತು. ದೊಡ್ಡವರಿಗೆ ಇರುವಷ್ಟು ಗಟ್ಟಿತನವನ್ನ, ಮುಂದೆ ಒಬ್ಬ ಮಾದರಿಯೂ ಇಲ್ಲದೆ, ಶಾಲೆಗೇ ಸೇರದ ಮಗುವಿನಿಂದ ನಿರೀಕ್ಷೆ ಮಾಡೋಕಾಗಲ್ಲ ಅನ್ನೋದು ಅವರ ವಾದ. ನಾವು ಬಹಳಷ್ಟು ಅಪ್ಪ ಅಮ್ಮಂದಿರು ಏನು ಮಾಡ್ತೀವಿ? 'ನಿನ್ನಿಷ್ಟ, ಹಾಕ್ಕೋ ಹೋಗು' ಅಂತ ದೊಡ್ಡ ಮನಸ್ಸು ಮಾಡಿ, ಗೇಟಿನ ಆಚೆ ನಗೋರ ಮುಂದೆ ಮಗುವನ್ನ ಒಂಟಿಯಾಗಿ ಬಿಟ್ಟುಬಿಡ್ತೀವಿ. ಆ ಮನುಷ್ಯ ನಗೋರ ಕಣ್ಣನ್ನ ತನ್ನ ಕಡೆ ತಿರುಗಿಸಿಕೊಂಡರು. ಅವರ ಸ್ಕರ್ಟಿನ ಕೆಲಸ ಇದ್ದದ್ದು ಅಷ್ಟೇ. ಅತಿ ಅಂತ ನನಗಂತೂ ಅನ್ನಿಸಲಿಲ್ಲ.

ತೈವಾನ್‌ನಲ್ಲೂ ಇದೇ ಉಪಾಯ ನಡೆದಿತ್ತು. 2020ರ ಏಪ್ರಿಲ್, ಕೊರೊನಾ ಕಾಲ. ಗುಲಾಬಿ ಬಣ್ಣದ ಮಾಸ್ಕ್ ಹಾಕಿಕೊಂಡರೆ ಶಾಲೇಲಿ ನಗ್ತಾರೆ ಅಂತ ಗಂಡು ಹುಡುಗರು ಹೆದರ್ತಿದ್ದಾರೆ ಅನ್ನೋ ಮಾತು ಅಲ್ಲಿನ ಆರೋಗ್ಯ ಸಚಿವರ ಕಿವಿಗೆ ಬಿತ್ತು. ಸಚಿವರು, ಜೊತೆಯ ಅಧಿಕಾರಿಗಳು ಎಲ್ಲರೂ ಗುಲಾಬಿ ಮಾಸ್ಕ್ ಹಾಕಿಕೊಂಡೇ ಟಿವಿಯ ಪತ್ರಿಕಾಗೋಷ್ಠಿಗೆ ಬಂದು ಕೂತರು. ಭಾಷಣ ಬಿಗಿಯೋ ಅವಶ್ಯಕತೆಯೇ ಬೀಳಲಿಲ್ಲ.

ಈಗ ನನ್ನ ಅಂಗಡಿಗೆ ಬನ್ನಿ. ಹೆಣ್ಣುಮಕ್ಕಳಿಗೆ ಪ್ಯಾಂಟು ಶರ್ಟು ಹೊಲಿಸೋಕೆ ಬರೋರು ಯಾರೂ ಕಾರಣ ಹೇಳಲ್ಲ. ಅಳತೆ ಕೊಡ್ತಾರೆ, ಹೋಗ್ತಾರೆ. ಗಂಡು ಹುಡುಗನಿಗೆ ಲಂಗ ಅಂದರೆ ಮಾತ್ರ ನಾನು ಕೇಳೋ ಮೊದಲೇ 'ಸ್ಕೂಲ್ ಡೇ ಡ್ಯಾನ್ಸಿಗೆ' ಅಂತಾರೆ. ಒಂದು ಸಲ ಒಬ್ಬ ತಾಯಿ ಹಾಗೇ ಅಂದರು. ನಾನು ಸೊಂಟಕ್ಕೆ ಟೇಪು ಸುತ್ತಿದ್ದೆ. ಹುಡುಗ ಕೈ ಮೇಲೆತ್ತಿಕೊಂಡು ನಿಂತಿದ್ದೋನು, 'ಇಲ್ಲ ಆಂಟಿ, ಡ್ಯಾನ್ಸಿಗಲ್ಲ, ದಿನಾ ಹಾಕ್ಕೊಳಕ್ಕೆ' ಅಂದುಬಿಟ್ಟ. ತಾಯಿ ಮುಖ ಕೆಂಪಾಯ್ತು. ನಾನು ತಲೆ ಎತ್ತಲಿಲ್ಲ, 'ದಿನಾ ಹಾಕೋದಾದ್ರೆ ರೇಷ್ಮೆ ಬೇಡ, ಕಾಟನ್ ತಗೊಳ್ಳಿ, ಒಗೆಯೋಕೆ ಸುಲಭ' ಅಂದೆ. ಆಮೇಲೇ ಅವರು ಕುರ್ಚಿ ಮೇಲೆ ಸರಿಯಾಗಿ ಕೂತಿದ್ದು. ಜೇಬು ಬೇಕು ಅಂತ ಹುಡುಗನೇ ಹೇಳಿದ. ಗೋಲಿ ಇಟ್ಟುಕೊಳ್ಳೋಕಂತೆ.

ಹುಡುಗಿ ಪ್ಯಾಂಟು ಹಾಕಿದರೆ 'ಚುರುಕು' ಅಂತೀವಿ, ಹುಡುಗ ಲಂಗ ಹಾಕಿದರೆ 'ಅಯ್ಯೋ' ಅಂತೀವಿ. ಯಾಕೆ ಅಂದರೆ ಒಂದರಲ್ಲಿ ಮೇಲೆ ಹತ್ತಿದ ಹಾಗೆ, ಇನ್ನೊಂದರಲ್ಲಿ ಕೆಳಗೆ ಇಳಿದ ಹಾಗೆ ನಮಗೆ ಕಾಣುತ್ತೆ. ಕೇರಳದ ವಳಯಂಚಿರಂಗರ ಅನ್ನೋ ಊರಿನ ಸರ್ಕಾರಿ ಪ್ರಾಥಮಿಕ ಶಾಲೆ 2018ರಲ್ಲಿ ಗಂಡು ಹೆಣ್ಣು ಇಬ್ಬರಿಗೂ ಒಂದೇ ಸಮವಸ್ತ್ರ ತಂದಿತು, ಮಂಡಿಯುದ್ದದ ಚಡ್ಡಿ ಮತ್ತು ಶರ್ಟು. ಒಳ್ಳೇ ಕೆಲಸ, ಹುಡುಗಿಯರು ಆರಾಮಾಗಿ ಓಡಬಹುದು. ಆದರೂ ನೋಡಿ, ಸಮಾನತೆ ಅಂದಾಗ ಹುಡುಗಿಯರು ಹುಡುಗರ ಬಟ್ಟೆಗೆ ಬಂದರು. ಆ ಕಡೆಯಿಂದ ಈ ಕಡೆಗೆ ಯಾರೂ ಬರಲಿಲ್ಲ. ಸಿಟ್ಟು ಬರೋದು ಇದಕ್ಕೆ. ಹೆಣ್ಣುಮಕ್ಕಳ ಬಟ್ಟೆ ಹಾಕಿದರೆ ಅವಮಾನ ಅಂತ ಮಗನಿಗೆ ಹೇಳಿಕೊಡುವಾಗ ಪಕ್ಕದಲ್ಲೇ ಕೂತಿರೋ ಮಗಳಿಗೂ ನೀವು ಏನೋ ಒಂದು ಹೇಳಿಕೊಡ್ತಿರ್ತೀರ.

'ನಮ್ಮಲ್ಲಿ ಇದೆಲ್ಲ ಇಲ್ಲ' ಅಂತ ಬರೆದಿದ್ದೀರಿ. ಹೌದಾ? ಮನೆಯ ಹಳೇ ಆಲ್ಬಮ್ ತೆಗೆದು ನೋಡಿ. ಚೌಲಕ್ಕೆ ಮುಂಚೆ ಗಂಡು ಮಗುವಿಗೆ ಮೊಗ್ಗಿನ ಜಡೆ ಹಾಕಿ, ರೇಷ್ಮೆ ಲಂಗ ಉಡಿಸಿ, ಸರ ಹಾಕಿ, ಸ್ಟುಡಿಯೋಗೆ ಕರಕೊಂಡು ಹೋಗಿ ಫೋಟೋ ತೆಗೆಸೋದು ನಮ್ಮ ಕಡೆ ಎಷ್ಟು ಮನೆಯಲ್ಲಿ ನಡೆದಿಲ್ಲ? ಜಡೆ ಕಾಣಲಿ ಅಂತ ಹಿಂದೆ ಕನ್ನಡಿ ಇಟ್ಟು ತೆಗೆದ ಫೋಟೋಗಳು. ಅದರಲ್ಲಿರೋ ಎಷ್ಟೋ ಮಕ್ಕಳು ಇವತ್ತು ಮೀಸೆ ಹೊತ್ತ ಮಾವಂದಿರು. ಯಕ್ಷಗಾನದ ಸ್ತ್ರೀವೇಷಕ್ಕೆ ಚಪ್ಪಾಳೆ ತಟ್ಟೋರೂ ನಾವೇ.

ಗಂಡಸರು ಪ್ಯಾಂಟನ್ನೇ ಹಾಕಬೇಕು ಅನ್ನೋದೂ ಅಂಥಾ ಹಳೇ ಮಾತೇನಲ್ಲ. ಯುರೋಪು, ಅಮೆರಿಕಗಳಲ್ಲಿ ಗಂಡು ಮಕ್ಕಳಿಗೂ ನಾಲ್ಕೈದು ವರ್ಷದ ತನಕ, ಕೆಲವು ಕಡೆ ಇನ್ನೂ ಜಾಸ್ತಿ, ಫ್ರಾಕೇ ಹಾಕ್ತಿದ್ದರು. ಕಾರಣ ಯಾವ ತಾಯಿಗೂ ಗೊತ್ತಾಗುತ್ತೆ: ಎತ್ತಿ ಕೂರಿಸೋಕೆ ಸಲೀಸು, ಮಗು ಬೆಳೆದರೂ ಬಟ್ಟೆ ಗಿಡ್ಡ ಆಗಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎರಡೂವರೆ ವರ್ಷದ ಮಗುವಾಗಿದ್ದಾಗ ಬಿಳೀ ಫ್ರಾಕು, ಉದ್ದ ಕೂದಲಲ್ಲಿ ಕೂತಿರೋ 1884ರ ಫೋಟೋ ಈಗಲೂ ಇದೆ. ಗುಲಾಬಿ ಹುಡುಗರಿಗೆ, ನೀಲಿ ಹುಡುಗಿಯರಿಗೆ ಅಂತ 1918ರಲ್ಲಿ ಅಲ್ಲಿನ ಮಕ್ಕಳ ಉಡುಪಿನ ವ್ಯಾಪಾರಿ ಪತ್ರಿಕೆಯೊಂದು ಬರೆದಿತ್ತು.

ಲುಂಗಿಗೆ ಹೊಲಿಗೆ ಹಾಕುವಾಗ ನಾನು ಮಾಡೋದು ಎರಡು ತುದಿ ಸೇರಿಸಿ ಒಂದು ಹೊಲಿಗೆ ಓಡಿಸೋದು. ಅದಕ್ಕೇ ಸೊಂಟದಲ್ಲಿ ಎಲಾಸ್ಟಿಕ್ ತೂರಿಸಿದರೆ ಸ್ಕರ್ಟ್ ಆಯ್ತು. 2024ರ ಜುಲೈನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನ ಬೆಂಗಳೂರಿನ ಮಾಲ್ ಒಂದು ಒಳಗೆ ಬಿಡಲಿಲ್ಲ ಅಂತ ರಾಜ್ಯವೆಲ್ಲ ಕೊತಕೊತ ಕುದಿಯಿತು, ಸರ್ಕಾರ ಆ ಮಾಲನ್ನ ಏಳು ದಿನ ಮುಚ್ಚಿಸಿತು. ಉಟ್ಟ ಬಟ್ಟೆ ನೋಡಿ ಮನುಷ್ಯನನ್ನ ಅಳೆಯಬಾರದು ಅಂತ ಅವತ್ತು ಎಲ್ಲರ ಬಾಯಲ್ಲೂ ಬಂತು. ಆ ರೈತರ ಮಗನೇ ಅವರ ಜೊತೆ ಗೇಟಿನ ಹತ್ತಿರ ನಿಂತಿದ್ದರು. ಈ ವಿಷಯದಲ್ಲಿ ಮಕ್ಕಳು ಅಪ್ಪಂದಿರ ಪಕ್ಕ ನಿಲ್ತಾರೆ, ಅಪ್ಪಂದಿರೂ ನಿಂತರೆ ಆಯ್ತು.

ನಿಮ್ಮ ಭಯಕ್ಕೆ ಬರ್ತೀನಿ. 'ಮುಂದೆ ಹಾಗೆ ಆಗಿಬಿಟ್ಟರೆ' ಅಂತ ಅರ್ಧಕ್ಕೆ ನಿಲ್ಲಿಸಿದ್ದೀರಿ. ಐದು ವರ್ಷದ ಹುಡುಗನಿಗೆ ಲಂಗ ಯಾಕೆ ಇಷ್ಟ ಅಂತ ಅವನನ್ನೇ ಕೇಳಿ. ನೂರಕ್ಕೆ ತೊಂಬತ್ತು ಪಾಲು 'ಗಿರ್ರನೆ ತಿರುಗಿದರೆ ಛತ್ರಿ ಥರ ಅರಳುತ್ತೆ' ಅಂತಾನೆ, ಇಲ್ಲಾ 'ಮಿಂಚುತ್ತೆ' ಅಂತಾನೆ. ದೊಡ್ಡವನಾದ ಮೇಲೆ ಯಾರಾಗ್ತಾನೆ, ಯಾರನ್ನ ಇಷ್ಟಪಡ್ತಾನೆ ಅನ್ನೋದನ್ನ ಲಂಗ ಹೇಳಲ್ಲ. ಒಂದು ವೇಳೆ ಅವನು ನೀವು ಅಂದುಕೊಂಡ ಹಾಗಲ್ಲದೆ ಬೆಳೆದರೂ, ಬೈದರೆ ಅದು ಬದಲಾಗಲ್ಲ. ನಿಮ್ಮ ಹತ್ತಿರ ಮುಚ್ಚಿಡೋದನ್ನ ಕಲಿತಾನೆ, ಅಷ್ಟೇ.

ಸ್ಪೇನ್‌ನ ಬಿಲ್ಬಾವೋದಲ್ಲಿ 2020ರಲ್ಲಿ ಸ್ಕರ್ಟ್ ಹಾಕಿಕೊಂಡು ತರಗತಿಗೆ ಬಂದ ಹುಡುಗನನ್ನ ಮನಃಶಾಸ್ತ್ರಜ್ಞರ ಹತ್ತಿರ ಕಳಿಸಿದ್ದರು. ಹುಡುಗ ಅದನ್ನ ವಿಡಿಯೋ ಮಾಡಿ ಹೇಳಿದ. ಬೇರೆ ಬೇರೆ ಊರಿನ ವಿದ್ಯಾರ್ಥಿಗಳು, ಗಂಡು ಮೇಷ್ಟ್ರುಗಳು ಕೂಡ ಸ್ಕರ್ಟ್ ಹಾಕಿಕೊಂಡು ಶಾಲೆಗೆ ಬಂದರು. ಅವರಲ್ಲಿ ಗಣಿತದ ಮೇಷ್ಟ್ರು ಹೋಸೆ ಪಿನ್ಯಾಸ್ ಬರೆದದ್ದು ಇದು: ಇಪ್ಪತ್ತು ವರ್ಷದ ಹಿಂದೆ, ಈಗ ತಾನು ಪಾಠ ಮಾಡೋ ಶಾಲೆಯಲ್ಲೇ ತನ್ನನ್ನ ಅವಮಾನ ಮಾಡಿದಾಗ ಎಷ್ಟೋ ಮೇಷ್ಟ್ರುಗಳು ನೋಡಿಯೂ ನೋಡದ ಹಾಗೆ ಇದ್ದರು.

ಹಾಗಾದರೆ ನೀವೂ ಸ್ಕರ್ಟ್ ಹಾಕಬೇಕಾ? ಬೇಕಿಲ್ಲ. ಹಾಕಿದರೆ ಸಂತೋಷ. ಅದಾಗದಿದ್ದರೆ ಲುಂಗಿ ಉಟ್ಟು ಅವನ ಕೈ ಹಿಡಿದು ಸಂಜೆ ಅಂಗಡಿ ತನಕ ಹೋಗಿ ಬನ್ನಿ. ಶಾಲೆಗೆ ಯೂನಿಫಾರಂ ಇರಲಿ, ಅದಕ್ಕೆ ಈಗಲೇ ಜಗಳ ಬೇಡ. ನೆಂಟರು ಬಂದು 'ಇದೇನೋ, ಹೆಣ್ಣುಡುಗಿ ಥರ' ಅಂದಾಗ ಉತ್ತರ ಕೊಡೋದು ಅವನ ಕೆಲಸವಲ್ಲ, ನಿಮ್ಮದು. 'ಅವನಿಗಿಷ್ಟ, ಹಾಕ್ಕೊಂಡಿದ್ದಾನೆ. ನೀವು ಕಾಫಿ ತಗೊಳ್ಳಿ' ಅಂದರೆ ಸಾಕು, ವಾದಕ್ಕೆ ಇಳಿಯಬೇಡಿ. ಅಜ್ಜಿಗೆ ಮೊದಲೇ ಹೇಳಿಡಿ. ಮುದ್ದಾಗಿದೆ ಅಂತ ವಾಟ್ಸಾಪ್ ಸ್ಟೇಟಸ್‌ಗೆ ಮಾತ್ರ ದಯವಿಟ್ಟು ಹಾಕಬೇಡಿ.

ಇನ್ನು ಅಕ್ಕನ ಲಂಗ ಕಿತ್ತುಕೊಂಡು ದಿನಾ ರಂಪ ಆಗ್ತಿದೆ ಅಂದಿರಲ್ಲ, ಅದು ಲಂಗದ ಸಮಸ್ಯೆಯಲ್ಲ, ಅಕ್ಕನ ವಸ್ತು ಕಿತ್ತುಕೊಳ್ಳೋ ಸಮಸ್ಯೆ. ಅವನಿಗೇ ಒಂದು ಹೊಲಿಸಿಬಿಡಿ. ಒಂದೂವರೆ ಮೀಟರ್ ಕಾಟನ್ ಸಾಕು, ಬಣ್ಣ ಅವನೇ ಆರಿಸಲಿ. ಲಾಡಿ ಬೇಡ, ಗಂಟು ಬಿದ್ದರೆ ಬಿಚ್ಚೋಕಾಗದೆ ಒದ್ದಾಡ್ತಾನೆ, ಎಲಾಸ್ಟಿಕ್ ಹಾಕಿಸಿ. ಪಾದದಿಂದ ನಾಲ್ಕು ಬೆರಳು ಮೇಲಿರಲಿ, ಇಲ್ಲಾಂದರೆ ಸೈಕಲ್ ಚೈನಿಗೆ ಸಿಕ್ಕುತ್ತೆ. ಕೆಳಗೆ ಎರಡು ಟಕ್ ಹಿಡಿಸಿದರೆ ಮುಂದಿನ ವರ್ಷಕ್ಕೂ ಬಿಚ್ಚಿ ಉದ್ದ ಮಾಡಬಹುದು. ಟೈಲರ್ ಯಾಕೆ ಅಂತ ಕೇಳಿದರೆ ಡ್ಯಾನ್ಸಿಗೆ ಅನ್ನಬೇಡಿ, ಮಗ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ತಿರ್ತಾನೆ.