ಎಲ್ಲ ವಿಷಯವೂ ಒಂದೇ ಪೆಟ್ಟಿಗೆಯಲ್ಲಿ ಬರುವ ಕ್ರೈಸ್ತ ಹೋಂಸ್ಕೂಲ್ ಸೆಟ್ ಯಾವುದು ಒಳ್ಳೆಯದು?

ಮಗನಿಗೆ ಆರು ವರ್ಷ, ಜೂನ್‌ನಿಂದ ಮನೆಯಲ್ಲೇ ಕಲಿಸುತ್ತೀರಿ, ಅಮೆರಿಕದಿಂದ ಪೂರ್ತಿ ಸೆಟ್ ತರಿಸಲು 80 ಸಾವಿರ ತೆಗೆದಿಟ್ಟಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ಇದನ್ನು ಓದಿದಾಗ ನನಗೆ 2016ರ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ದಯವಿಟ್ಟು ಆ ದುಡ್ಡನ್ನು ಸದ್ಯಕ್ಕೆ ಮುಟ್ಟಬೇಡಿ.

ನಾವು ಬೆಂಗಳೂರಿನಲ್ಲಿದ್ದೇವೆ. ಯಜಮಾನರ ಊರು ಗದಗದ ಹತ್ತಿರ. ಆಗ ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮಗಳನ್ನು ಶಾಲೆ ಬಿಡಿಸಿದ ಮೇಲೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ನಾನು ಬಿ.ಕಾಂ. ಓದಿದವಳು, ಟೀಚರ್ ಅಲ್ಲ. ಅತ್ತೆ ಕೇಳಿದರೆ ಏನು ಹೇಳಲಿ? ನಮ್ಮ ಚರ್ಚಿನ ಸಭೆಯಲ್ಲಿ ಕೇಳಿದರೆ? ಆ ಹೆದರಿಕೆಯಲ್ಲೇ ರಾತ್ರಿಯೆಲ್ಲ ಫೋನ್ ಹಿಡಿದು ಹುಡುಕಿದೆ. ಒಂದು ಅಮೆರಿಕನ್ ಕಂಪನಿಯ ಸೆಟ್ ಸಿಕ್ಕಿತು. ಸತ್ಯವೇದ, ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ, ಕೈಬರಹ ಎಲ್ಲವೂ ಇತ್ತು. ತಾಯಿ ಯಾವ ದಿನ ಯಾವ ಮಾತು ಹೇಳಬೇಕು ಅನ್ನುವುದನ್ನೂ ಬರೆದಿದ್ದರು. ಎರಡು ವರ್ಷದ್ದು ಒಟ್ಟಿಗೆ ಕೊಂಡರೆ ರಿಯಾಯಿತಿ ಇತ್ತು. ಕೊಂಡೆ. ಮಗನಿಗೂ ಒಂದು ಸೇರಿಸಿದೆ. ಸಾಗಣೆ, ಸುಂಕ ಎಲ್ಲ ಸೇರಿ ಒಂದು ಲಕ್ಷದ ಹತ್ತು ಸಾವಿರ ಆಯಿತು. ಮಗಳ ಹೆಸರಿನಲ್ಲಿ ಕಟ್ಟುತ್ತಿದ್ದ ಆರ್‌ಡಿ ಮುರಿಸಿದೆವು.

ಆ ಪುಸ್ತಕಗಳು ಕೆಟ್ಟವಲ್ಲ. ಅಲ್ಲಿನ ಮಕ್ಕಳಿಗೆ ಚೆನ್ನಾಗಿಯೇ ಇರಬಹುದು. ತಪ್ಪು ನನ್ನದು, ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಮಗಳು ಹೇಗೆ ಕಲಿಯುತ್ತಾಳೆ ಅಂತ ಒಂದು ವಾರವೂ ಪಕ್ಕದಲ್ಲಿ ಕೂತು ನೋಡದೆ ಎರಡು ವರ್ಷದ ಪಾಠ ಕೊಂಡುಬಿಟ್ಟೆ. ಒಂದು ಲಕ್ಷ ಕೊಟ್ಟಾದ ಮೇಲೆ ನಿಲ್ಲಿಸಲು ಮನಸ್ಸೇ ಬರಲಿಲ್ಲ. ಎರಡನೇ ವಾರದಲ್ಲೇ ಇದು ಸರಿಹೋಗುವುದಿಲ್ಲ ಅಂತ ಗೊತ್ತಾಗಿತ್ತು. ಆದರೂ ಒಂದೂವರೆ ವರ್ಷ ಎಳೆದೆ. ದುಡ್ಡು ಹೋದದ್ದಕ್ಕಿಂತ ಆ ಒಂದೂವರೆ ವರ್ಷ ಹೋದದ್ದು ನನಗೆ ಇವತ್ತಿಗೂ ನೋವು.

ಏನಾಗುತ್ತಿತ್ತು ಅಂದರೆ, ಗಣಿತದಲ್ಲಿ ನಿಕಲ್, ಡೈಮ್, ಕ್ವಾರ್ಟರ್ ಅನ್ನುವ ಅಮೆರಿಕದ ನಾಣ್ಯಗಳು ಬರುತ್ತಿದ್ದವು. ಮೂರು ಡೈಮ್, ಎರಡು ನಿಕಲ್ ಸೇರಿದರೆ ಎಷ್ಟು? ಮಗಳು ಅದನ್ನು ಕಲಿತಳು. ಆದರೆ ನೂರರ ನೋಟು ಕೊಟ್ಟು ಮೂಲೆ ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಷ್ಟು ಬರಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಅಳತೆ ಇಂಚು, ಗ್ಯಾಲನ್‌ಗಳಲ್ಲಿ. ಋತುಗಳು ನಾಲ್ಕು, ಅದರಲ್ಲಿ ಮಳೆಗಾಲ ಇಲ್ಲ. ಗದಗಕ್ಕೆ ಹೋಗಿದ್ದಾಗ ಅತ್ತೆ ಆ ಪುಸ್ತಕ ತಿರುಗಿಸಿ ನೋಡಿ, "ಏನವ್ವಾ, ಇದರಾಗ ನಮ್ಮ ಕಡೀದು ಒಂದೂ ಇಲ್ಲಲ್ಲಾ?" ಅಂದರು. ನನಗೆ ಆಗ ಸಿಟ್ಟು ಬಂತು. ಅವರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ, ಅದಕ್ಕೇ ಹೀಗೆ ಅನ್ನುತ್ತಾರೆ ಅಂದುಕೊಂಡೆ.

ಸತ್ಯವೇದದ ಪಾಠ ಇನ್ನೂ ಕಷ್ಟವಾಯಿತು. ಬಿಟ್ಟ ಸ್ಥಳ ತುಂಬಿ, ಸರಿ ಉತ್ತರಕ್ಕೆ ಸುತ್ತು ಹಾಕಿ, ಶುಕ್ರವಾರ ಟೆಸ್ಟ್. ಬಾಯಿಪಾಠದ ವಾಕ್ಯಗಳೆಲ್ಲ ನಾನೂರು ವರ್ಷ ಹಿಂದಿನ ಇಂಗ್ಲಿಷ್‌ನಲ್ಲಿ. ಒಂದು ಶುಕ್ರವಾರ ಹತ್ತಕ್ಕೆ ಐದು ಬಂತು. ನಾನು ಕೆಂಪು ಪೆನ್ನಿನಲ್ಲಿ ಬರೆದೆ. ಅವಳು ಅಳುತ್ತಾ, "ಅಮ್ಮಾ, ಯೇಸುವಿಗೆ ನನ್ನ ಮೇಲೆ ಬೇಜಾರಾ?" ಅಂತ ಕೇಳಿದಳು. ಯಾವ ಕಾರಣಕ್ಕೆ ಮನೆಯಲ್ಲಿ ಕಲಿಸಲು ಹೊರಟಿದ್ದೆನೋ ಅದನ್ನೇ ನಾನು ಕೆಡಿಸುತ್ತಿದ್ದೆ.

ಇಷ್ಟರಲ್ಲಿ ಕನ್ನಡ ಪೂರ್ತಿ ಬಿಟ್ಟುಹೋಗಿತ್ತು. ಆ ಪೆಟ್ಟಿಗೆಯಲ್ಲಿ ಕನ್ನಡ ಇರಲಿಲ್ಲ, ಇರುವುದಕ್ಕೂ ಸಾಧ್ಯವಿಲ್ಲ ಅಲ್ವಾ. ಎಂಟೂವರೆ ವರ್ಷದ ಹುಡುಗಿ ಆರಾಧನೆಯಲ್ಲಿ ಹಾಡಿನ ಪುಸ್ತಕವನ್ನು ಸುಮ್ನೆ ಹಿಡಿದು ನಿಲ್ಲುತ್ತಿದ್ದಳು. ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಅತ್ತೆ ಕನ್ನಡ ಬೈಬಲ್ ತೆಗೆದು, "ನೀ ಓದವ್ವಾ" ಅಂದರೆ ತಲೆ ತಗ್ಗಿಸುತ್ತಿದ್ದಳು.

ಅಲ್ಲಿಗೆ ನಿಲ್ಲಿಸಿದೆ. ಪೆಟ್ಟಿಗೆ ಅಟ್ಟಕ್ಕೆ ಹೋಯಿತು.

ಒಂದು ತಿಂಗಳು ಗದಗದಲ್ಲೇ ಇದ್ದೆವು. ಕೊಯ್ಲು ಮುಗಿದಿತ್ತು. ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ನಿಮಗೆ ಗೊತ್ತಿರಬಹುದು, ರಾತ್ರಿ ಕುರಿಹಿಂಡು ಹೊಲದಲ್ಲಿ ಮಲಗಿದರೆ ಅದೇ ಗೊಬ್ಬರ. ಅದಕ್ಕೆ ರೈತ ಕುರುಬರಿಗೆ ಕಾಳನ್ನೋ ದುಡ್ಡನ್ನೋ ಕೊಡುತ್ತಾನೆ. ಮಗಳು ಮೂರು ಸಂಜೆ ಅಲ್ಲೇ ಇದ್ದಳು. ಕುರಿಗಳು ಕಪ್ಪಗಿದ್ದವು, ಅವಳ ಪುಸ್ತಕದ ಬಿಳಿ ಹತ್ತಿಯುಂಡೆಗಳಂತೆ ಇರಲಿಲ್ಲ. ಕುರುಬಜ್ಜ ಕಂಬಳಿ ಹೊದ್ದು, ಕೋಲು ಹಿಡಿದು ಕೂರುತ್ತಿದ್ದರು. ತೋಳ ಬಂದರೆ ಏನು ಮಾಡುತ್ತಾರೆ, ಕುಂಟುವ ಮರಿಯನ್ನು ಯಾರು ಎತ್ತಿಕೊಳ್ಳುತ್ತಾರೆ, ನೀರು ಎಲ್ಲಿ ಕುಡಿಸುತ್ತಾರೆ, ಎಲ್ಲ ಕೇಳಿದಳು. ನಾಲ್ಕನೇ ದಿನ ಅತ್ತೆ, ದೇವರನ್ನು ಕುರುಬನಿಗೆ ಹೋಲಿಸುವ ಬೈಬಲಿನ 23ನೇ ಕೀರ್ತನೆಯನ್ನು ಬೆರಳಿಟ್ಟು ಓದಿಸಿದರು. ಒತ್ತಕ್ಷರದಲ್ಲಿ ಎಡವುತ್ತಾ ಓದಿದಳು. ಪ್ರತಿ ವಾಕ್ಯಕ್ಕೂ "ಅಜ್ಜಿ, ಇದು ಆ ಅಜ್ಜ ಹೇಳಿದ್ದು!" ಅನ್ನುತ್ತಿದ್ದಳು. ಆ ಕೀರ್ತನೆಗೆ ನಾವು ಟೆಸ್ಟ್ ಇಡಲಿಲ್ಲ. ಅದು ಅವಳಿಗೆ ಇವತ್ತಿಗೂ ಬರುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಎಲ್ಲ ವಿಷಯವನ್ನೂ ಕ್ರೈಸ್ತ ದೃಷ್ಟಿಯಿಂದ ಕಲಿಸುವ ಒಂದೇ ಸೆಟ್" ಬೇಕು ಅಂದಿದ್ದೀರಿ. ನನ್ನ ಪ್ರಕಾರ ಹಾಗೊಂದು ಬೇಕಾಗಿಲ್ಲ. ಏಳೆಂಟ್ಲು ಐವತ್ತಾರು ಅನ್ನುವುದಕ್ಕೆ ಕ್ರೈಸ್ತ ಪುಸ್ತಕ ಯಾಕೆ? ಪ್ರತಿ ಲೆಕ್ಕದ ಪಕ್ಕ ಒಂದು ವಚನ ಅಚ್ಚು ಹಾಕಿದ ಮಾತ್ರಕ್ಕೆ ಮಗುವಿನಲ್ಲಿ ವಿಶ್ವಾಸ ಬೆಳೆಯುವುದಿಲ್ಲ. ಅದು ಬೆಳೆಯುವುದು ಕುಟುಂಬ ಪ್ರಾರ್ಥನೆಯಲ್ಲಿ, ಸಭೆಯಲ್ಲಿ, ನೀವು ಕೆಲಸದವರ ಹತ್ತಿರ ಹೇಗೆ ಮಾತಾಡುತ್ತೀರಿ ಅನ್ನುವುದರಲ್ಲಿ.

ಗಣಿತ, ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ತೆಗೆದುಕೊಳ್ಳಿ. ಅವರ ವೆಬ್‌ಸೈಟಿನಲ್ಲಿ ಪಿಡಿಎಫ್ ಉಚಿತ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಗೇ ಸಿಗುತ್ತವೆ. ಚಿಕ್ಕವರಿಗೆ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯನ್ನು ಒಮ್ಮೆ ನೋಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಕಾರ್ಡ್ ಹಿಡಿದು, ಏಣಿ ಹತ್ತಿದ ಹಾಗೆ ತಮ್ಮ ತಮ್ಮ ಮೆಟ್ಟಿಲಿನಿಂದ ಮುಂದೆ ಹೋಗುತ್ತಾರೆ. ಎರಡು ಮಕ್ಕಳಿರುವ ಮನೆಗೆ ಇದಕ್ಕಿಂತ ಹೊಂದುವುದು ನನಗೆ ಯಾವ ಹೊರದೇಶದ ಪೆಟ್ಟಿಗೆಯಲ್ಲೂ ಕಾಣಲಿಲ್ಲ. ಒಬ್ಬ ಪರಿಚಯದ ಮೇಡಂ ಹತ್ತಿರ ಕಾರ್ಡ್‌ಗಳನ್ನು ನೋಡಿ ನಾನೇ ರಟ್ಟಿನಲ್ಲಿ ಮಾಡಿಕೊಂಡೆ. ಓದುವ ಅಭ್ಯಾಸಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಹಂತ ಹಂತವಾಗಿ ಉಚಿತವಾಗಿವೆ.

ಸತ್ಯವೇದಕ್ಕೆ ಕನ್ನಡ ಬೈಬಲ್ ಒಂದು ಸಾಕು, ದೊಡ್ಡ ಅಕ್ಷರದ್ದು ತೆಗೆದುಕೊಳ್ಳಿ. ಬೆಂಗಳೂರಿನಲ್ಲಿದ್ದರೆ ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಗೆ ಹೋಗಿ. ಕನ್ನಡ ಬೈಬಲ್ ಆಡಿಯೋ ಫೋನ್‌ನಲ್ಲಿ ಉಚಿತವಾಗಿ ಸಿಗುತ್ತದೆ, ನಾವು ಅಡುಗೆ ಮಾಡುವಾಗ ಹಾಕುತ್ತೇವೆ. ಸಂಡೇ ಸ್ಕೂಲ್ ಟೀಚರ್ ಹತ್ತಿರ ಹಳೆಯ ಪಾಠಪುಸ್ತಕ, ವಿಬಿಎಸ್ (ಬೇಸಿಗೆ ರಜೆಯ ಬೈಬಲ್ ಶಾಲೆ) ಚಿತ್ರಪಟ ಕೇಳಿ ನೋಡಿ. ಎಲ್ಲ ಸಭೆಗಳ ಬೀರುವಿನಲ್ಲೂ ಒಂದು ಕಟ್ಟು ಇದ್ದೇ ಇರುತ್ತದೆ, ಕೇಳುವವರಿಲ್ಲ ಅಷ್ಟೇ.

ವಿಧಾನದ ಬಗ್ಗೆ ನಿಜವಾಗಿ ಕೈಹಿಡಿದದ್ದು ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಬರೆದದ್ದು. ಕ್ರೈಸ್ತ ಮನೆಪಾಠದವರಲ್ಲಿ ತುಂಬ ಜನ ಅವರನ್ನು ಓದುತ್ತಾರೆ. ಅವರ ಪುಸ್ತಕಗಳ ಕಾಪಿರೈಟ್ ಮುಗಿದಿದೆ, ಹಾಗಾಗಿ ಉಚಿತ. ಆಂಬಲ್‌ಸೈಡ್ ಆನ್‌ಲೈನ್ ಅನ್ನುವ ತಾಣದಲ್ಲಿ ಅದೇ ದಾರಿಯ ಪೂರ್ತಿ ಪಾಠಪಟ್ಟಿ ಬಿಟ್ಟಿಯಾಗಿ ಇದೆ. ಪಟ್ಟಿಯಲ್ಲಿ ಇಂಗ್ಲೆಂಡ್, ಅಮೆರಿಕದ ಪುಸ್ತಕಗಳೇ ಜಾಸ್ತಿ. ನೀವು ಪಟ್ಟಿ ಬಿಡಿ, ವಿಧಾನ ತೆಗೆದುಕೊಳ್ಳಿ. ಚಿಕ್ಕ ಮಕ್ಕಳಿಗೆ ಪಾಠ ಹದಿನೈದು ಇಪ್ಪತ್ತು ನಿಮಿಷ ಸಾಕು. ಒಂದು ಸಲ ಓದಿ ಹೇಳಿ, ಆಮೇಲೆ ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಪಾಠ ಒಪ್ಪಿಸುವುದು ಬೇರೆ, ಇದು ಬೇರೆ. ನನ್ನ ಮಗ ಬೈಬಲಿನ ಯೋಸೇಫನ ಕಥೆ ತಿರುಗಿ ಹೇಳುವಾಗ ಬಣ್ಣದ ಅಂಗಿಯನ್ನು ಬಿಟ್ಟೇಬಿಟ್ಟ, ಬಾವಿ ಎಷ್ಟು ಆಳ ಇತ್ತು ಅಂತ ಹತ್ತು ನಿಮಿಷ ಹೇಳಿದ. ಅವನಿಗೆ ತಾಕಿದ್ದು ಯಾವುದು ಅಂತ ಅವತ್ತು ಗೊತ್ತಾಯಿತು. ಬಿಟ್ಟ ಸ್ಥಳ ತುಂಬಿಸಿದ್ದರೆ ಗೊತ್ತಾಗುತ್ತಿರಲಿಲ್ಲ.

ಇತಿಹಾಸಕ್ಕೆ ಅಮೆರಿಕದ ಹಡಗುಗಳ ಕಥೆ ಯಾಕೆ, ನಮ್ಮದೇ ಇದೆಯಲ್ಲ? ಅತ್ತೆ ಮನೆಯ ಮೇಲೆ ಮಂಗಳೂರು ಹೆಂಚಿದೆ. ಅದನ್ನು ಮಾಡುವ ಮೊದಲ ಕಾರ್ಖಾನೆಯನ್ನು ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಾಕಿದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಅದೇ ಮಿಶನ್‌ನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ತಂದರು. ಅದೇ ಮಿಶನ್‌ನ ಕಿಟ್ಟೆಲ್ ವರ್ಷಗಟ್ಟಲೆ ದುಡಿದು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ನನ್ನ ಮಕ್ಕಳು ಆ ನಿಘಂಟಿನಲ್ಲಿ ಅಜ್ಜಿಯ ಮಾತುಗಳನ್ನು ಹುಡುಕುತ್ತಾ ಮಳೆಗಾಲದ ಮಧ್ಯಾಹ್ನಗಳನ್ನು ಕಳೆದಿದ್ದಾರೆ. ಕ್ರೈಸ್ತರಾಗಿರುವುದೂ ಕನ್ನಡದವರಾಗಿರುವುದೂ ಅವರಿಗೆ ಎರಡು ಬೇರೆ ಸಂಗತಿಯಾಗಿ ಕಾಣಲೇ ಇಲ್ಲ.

ಪರೀಕ್ಷೆಯ ಬಗ್ಗೆ ಕೇಳಿದ್ದೀರಿ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮನೆಪಾಠಕ್ಕೆ ಅನುಮತಿ ಅಂತಲೂ ಇಲ್ಲ, ನಿಷೇಧ ಅಂತಲೂ ಇಲ್ಲ. ಹತ್ತನೆಯದಕ್ಕೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್ ಇದೆ. ಹದಿನಾಲ್ಕು ತುಂಬಿರಬೇಕು, ಐದು ವಿಷಯ ತೆಗೆದುಕೊಳ್ಳಬೇಕು, ವರ್ಷಕ್ಕೆ ಎರಡು ಸಲ ಪರೀಕ್ಷೆ. ಒಂದೇ ಸಲ ಎಲ್ಲ ಬರೆಯಬೇಕೆಂದಿಲ್ಲ, ಐದು ವರ್ಷದೊಳಗೆ ಮುಗಿಸಿದರೆ ಆಯಿತು. ಮಗಳು ಅದರಲ್ಲೇ ಪಾಸಾದಳು, ಕನ್ನಡವನ್ನೂ ಒಂದು ವಿಷಯವಾಗಿ ತೆಗೆದುಕೊಂಡಿದ್ದಳು. ಆರು ವರ್ಷದ ಮಗುವಿನ ತಾಯಿ ಇದಕ್ಕೆ ಈಗಲೇ ನಿದ್ದೆಗೆಡಬೇಕಾಗಿಲ್ಲ.

ಇನ್ನೊಂದು ಮಾತು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. "ಶಾಲೆಗೆ ಹೋದರೆ ವಿಶ್ವಾಸ ಉಳಿಯುವುದಿಲ್ಲ" ಅಂತ ಬರೆದಿದ್ದೀರಿ. ನನ್ನ ಅತ್ತೆ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸ್ ಓದಿದವರು. ಅವರಷ್ಟು ಪ್ರಾರ್ಥನೆ ಮಾಡುವವರನ್ನು ನಾನು ನೋಡಿಲ್ಲ. ಹೆದರಿ ಮನೆಯಲ್ಲಿ ಕಲಿಸಬೇಡಿ. ಹೆದರಿದ್ದಕ್ಕೇ ನಾನು ಆ ಪೆಟ್ಟಿಗೆ ಕೊಂಡದ್ದು. ಮಗನ ಜೊತೆ ದಿನಾ ಕೂರಲು ನಿಮಗೆ ಆಸೆ ಇದ್ದರೆ ಕಲಿಸಿ.

ಜೂನ್‌ಗೆ ಇನ್ನೂ ಸಮಯ ಇದೆ. ಮೂರು ವಾರ ಏನೂ ಕೊಳ್ಳದೆ ನೋಡಿ. ಬೆಳಿಗ್ಗೆ ಒಂದು ಹಾಡು, ಒಂದು ಬೈಬಲ್ ಕಥೆ, ಅವನು ಅದನ್ನು ತಿರುಗಿ ಹೇಳಲಿ. ಆಮೇಲೆ ಹುಣಸೆಬೀಜ ಹಾಕಿ ಲೆಕ್ಕ, ಒಂದು ಪುಟ ಕನ್ನಡ, ಒಂದು ಪುಟ ಇಂಗ್ಲಿಷ್. ಸಂಜೆ ಹೊರಗೆ ಆಟ. ಎಷ್ಟು ಹೊತ್ತು ಕೂರುತ್ತಾನೆ, ಯಾವುದಕ್ಕೆ ಕಣ್ಣರಳಿಸುತ್ತಾನೆ, ಯಾವುದಕ್ಕೆ ಮುಖ ಸಿಂಡರಿಸುತ್ತಾನೆ ಅಂತ ಒಂದು ನೋಟ್‌ಬುಕ್‌ನಲ್ಲಿ ದಿನಾ ಎರಡು ಸಾಲು ಬರೆದಿಡಿ. ಮೂರು ವಾರ ಆದ ಮೇಲೆ ಆ ನೋಟ್‌ಬುಕ್‌ನಲ್ಲಿ ಇದ್ದದ್ದನ್ನು ಇಲ್ಲಿ ಬರೆಯಿರಿ. ಯಾವ ಪುಸ್ತಕ ಬೇಕು ಅಂತ ಆಗ ಕೂತು ನೋಡೋಣ.