ವಕೀಲರ ಮಾತು ನಂಬಿ ತಪ್ಪೊಪ್ಪಿಕೊಂಡ ಮಗ

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ, ಗ್ರೀನ್ ಕಾರ್ಡ್ ಇದೆ. ಮೂರು ವರ್ಷದ ಹಿಂದೆ ಗಂಡ ಹೆಂಡತಿ ಜಗಳ ಪೊಲೀಸರವರೆಗೂ ಹೋಯಿತು. 'ತಪ್ಪು ಒಪ್ಕೊಂಡ್ಬಿಡಿ, ಜೈಲಿಲ್ಲ, ಗ್ರೀನ್ ಕಾರ್ಡಿಗೂ ಏನಾಗಲ್ಲ' ಎಂದರಂತೆ ವಕೀಲರು. ಒಪ್ಪಿಕೊಂಡ. ಈಗ ಗಡೀಪಾರು ಆಗಬಹುದು ಅಂತ ಇನ್ನೊಬ್ಬ ವಕೀಲರು ಹೇಳುತ್ತಿದ್ದಾರೆ. ಏನಾದರೂ ದಾರಿ ಇದೆಯಾ? ಮುಂದಿನ ತಿಂಗಳು ತಂಗಿ ಮದುವೆಗೆ ಬರ್ತೀನಿ ಅಂತಿದ್ದಾನೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಮೊದಲು ಮದುವೆ ವಿಷಯ. ಕಷ್ಟ ಅನ್ನಿಸುತ್ತದೆ, ಆದರೂ ಈಗ ಬರಬೇಡ ಎಂದು ಹೇಳಿಬಿಡಿ. ಇಂಥ ಕೇಸು ಮೈಮೇಲಿದ್ದವರನ್ನು ವಾಪಸ್ ಹೋಗುವಾಗ ಏರ್‌ಪೋರ್ಟಿನಲ್ಲೇ ತಡೆಯಬಹುದು.

ದಾರಿ ಇದೆ. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದೆಯೇ ಎಂದು ತಿಳಿಸುವುದು ವಕೀಲರ ಕೆಲಸ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ, ಪಡಿಯಾ ಎಂಬುವರ ಕೇಸಿನಲ್ಲಿ ಹೇಳಿದೆ. ಆದರೆ ವಕೀಲರು ತಪ್ಪು ಹೇಳಿದರು ಅಂದರಷ್ಟೇ ಸಾಲದು. ಸರಿಯಾಗಿ ಹೇಳಿದ್ದರೆ ನಾನು ಒಪ್ಪಿಕೊಳ್ಳುತ್ತಿರಲಿಲ್ಲ ಎಂಬುದನ್ನೂ ತೋರಿಸಬೇಕು, ಅದೂ ಆಗಿನ ಕಾಲದ ಸಾಕ್ಷಿಯಿಂದ. 2017ರಲ್ಲಿ ಗೆದ್ದ ಲೀ ಎಂಬುವರದ್ದು ಇದೇ ಕಥೆ. 13ನೇ ವಯಸ್ಸಿಗೆ ದಕ್ಷಿಣ ಕೊರಿಯಾದಿಂದ ಹೋದವರು, ಮೆಂಫಿಸ್‌ನಲ್ಲಿ ಹೋಟೆಲ್ ನಡೆಸುತ್ತಿದ್ದರು. ಗಡೀಪಾರಾದರೆ ತಪ್ಪೊಪ್ಪಿಕೊಳ್ಳುವ ನಿಮ್ಮ ತೀರ್ಮಾನ ಬದಲಾಗುತ್ತದಾ ಎಂದು ಜಡ್ಜ್ ಕೇಳಿದಾಗ ಹೌದು ಎಂದರು, ಹೇಗೆ ಎಂದಾಗ ತಬ್ಬಿಬ್ಬಾಗಿ ವಕೀಲರ ಕಡೆ ತಿರುಗಿದರು, ಅವರು 'ಇದು ಎಲ್ಲರಿಗೂ ಹೇಳುವ ಮಾತು' ಎಂದುಬಿಟ್ಟರು. ಆ ಒಂದು ಕ್ಷಣ ದಾಖಲೆಯಲ್ಲಿ ಉಳಿದಿತ್ತು. ಅದೇ ಕೈಹಿಡಿಯಿತು.

ಹಾಗಾಗಿ ನಿಮ್ಮ ಮಗ ಇವತ್ತೇ ಹುಡುಕಬೇಕಾದ್ದು ಹಳೇ ಈಮೇಲ್, ವಾಟ್ಸಾಪ್, ಸಹಿ ಹಾಕಿದ ಫಾರಂ, ಕೋರ್ಟಿನಲ್ಲಿ ನಡೆದ ಮಾತುಕತೆಯ ಪ್ರತಿ. 'ಗ್ರೀನ್ ಕಾರ್ಡಿಗೆ ತೊಂದರೆ ಇಲ್ವಾ ಸರ್' ಎಂದು ಕೇಳಿದ ಒಂದು ಮೆಸೇಜ್ ಸಿಕ್ಕರೂ ಅದು ಬಂಗಾರ.

ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷೆ ಮುಗಿದವರೂ ಅರ್ಜಿ ಹಾಕಬಹುದು, ಅಲ್ಲಿನ ದಂಡಸಂಹಿತೆಯ 1473.7ನೇ ಸೆಕ್ಷನ್ 2017ರಿಂದ ಇದಕ್ಕೆಂದೇ ಇದೆ. ಗಡೀಪಾರಿನ ನೋಟಿಸ್ ಬಂದ ಮೇಲೂ ಸುಮ್ನೆ ಕೂತರೆ ತಡವಾಯಿತು ಎಂದು ತಳ್ಳಿಹಾಕಬಹುದು. ಗೆದ್ದರೆ ಹಳೇ ಕೇಸು ಮತ್ತೆ ತೆರೆಯುತ್ತದೆ ಎನ್ನುವುದೂ ಗೊತ್ತಿರಲಿ. ಅದಕ್ಕೇ ಕ್ರಿಮಿನಲ್ ವಕೀಲರು, ವಲಸೆ ವಕೀಲರು ಇಬ್ಬರನ್ನೂ ಕೂರಿಸಿ ಮಾತಾಡಿಸಿ.

ಇನ್ನೊಂದು ಮಾತು. ಹಳೇ ವಕೀಲರ ಜೊತೆ ಜಗಳ ಆಡಬೇಡಿ. ಲೀ ಕೇಸಿನಲ್ಲಿ, ಗಡೀಪಾರಾಗುತ್ತದೆ ಎಂದು ಗೊತ್ತಿದ್ದರೆ ತಪ್ಪೊಪ್ಪಿಕೊಳ್ಳಲು ಹೇಳುತ್ತಿರಲಿಲ್ಲ ಎಂದು ಆ ವಕೀಲರೇ ಕೋರ್ಟಿನಲ್ಲಿ ಹೇಳಿದ್ದರು. ನಿಮ್ಮವರೂ ಬರೆದುಕೊಡಬಹುದು, ಮಗ ಸಮಾಧಾನವಾಗಿ ಕೇಳಲಿ.