1,40,000 ಕಿ.ಮೀ. ಓಡಿದ ಇ-ಕ್ಲಾಸ್ ಕೊಳ್ಳಬಹುದೇ ಎಂದು ಕೇಳಿದವರಿಗೆ

2014ರ ಮರ್ಸಿಡಿಸ್ ಇ-ಕ್ಲಾಸ್ ಡೀಸೆಲ್, ಒಬ್ಬರೇ ಮಾಲೀಕರು, 1,40,000 ಕಿಲೋಮೀಟರ್, ಬೆಲೆ ಹೊಸ ಸಣ್ಣ ಕಾರಿನಷ್ಟು. ಇಷ್ಟು ಓಡಿದ ಕಾರನ್ನು ಕೊಳ್ಳಬಹುದೇ ಎಂಬುದು ನಿಮ್ಮ ಪ್ರಶ್ನೆ. ಕೆಲವು ವರ್ಷಗಳ ಹಿಂದೆ ನನ್ನ ಮುಂದೆಯೂ ಹೆಚ್ಚುಕಡಿಮೆ ಅಷ್ಟೇ ಓಡಿದ್ದ ಜರ್ಮನ್ ಡೀಸೆಲ್ ಸೆಡಾನ್ ಒಂದಿತ್ತು. ಅದರ ಮಾಲೀಕರು ಹುಬ್ಬಳ್ಳಿಯ ವ್ಯಾಪಾರಸ್ಥರು. ವ್ಯವಹಾರಕ್ಕಾಗಿ ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿಯೇ ಅದನ್ನು ಓಡಿಸಿದ್ದರು, ಕೊಂಡಂದಿನಿಂದ ಮಾಡಿಸಿದ ಪ್ರತಿಯೊಂದು ಸರ್ವಿಸಿನ ಬಿಲ್ಲನ್ನೂ ಫೈಲಿನಲ್ಲಿ ಜೋಡಿಸಿಟ್ಟಿದ್ದರು. ನಾನು ಮೀಟರನ್ನು ನೋಡಿದವನು ಫೈಲನ್ನು ತೆರೆಯಲೇ ಇಲ್ಲ. ಬೇಡವೆಂದು ಹೇಳಿ ಬಂದು, ಬೆಂಗಳೂರಿನ ಒಬ್ಬ ಡೀಲರ್ ಬಳಿ ಅದೇ ಮಾದರಿಯ, ಅದೇ ವರ್ಷದ, ಕೇವಲ 58,000 ಕಿ.ಮೀ. ಓಡಿದ ಕಾರನ್ನು ಒಂದೂವರೆ ಲಕ್ಷ ರೂಪಾಯಿ ಹೆಚ್ಚು ಕೊಟ್ಟು ಕೊಂಡೆ.

ಮೊದಲ ಬೇಸಿಗೆಯವರೆಗೆ ಕಾರು ಚೆನ್ನಾಗಿಯೇ ಇತ್ತು. ಮಂಗಳೂರಿನಿಂದ ಹಿಂದಿರುಗುವಾಗ ಶಿರಾಡಿ ಘಾಟಿಯ ಏರಿನಲ್ಲಿ ಗೇರ್ ಬದಲಾಗುವಾಗೆಲ್ಲ ಗಾಡಿ ಜಗ್ಗತೊಡಗಿತು. ಸಕಲೇಶಪುರ ಮುಟ್ಟುವಷ್ಟರಲ್ಲಿ ಒಂದೇ ಗೇರಿನಲ್ಲಿ ನಿಂತುಬಿಟ್ಟಿತು. ಹೆಂಡತಿ ಮಕ್ಕಳನ್ನು ಬಸ್ಸಿನಲ್ಲಿ ಕಳುಹಿಸಿ, ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದೆ. ಗೇರ್‌ಬಾಕ್ಸ್ ಬಿಚ್ಚಿ ಸರಿಪಡಿಸಲು ಮೂರೂವರೆ ಲಕ್ಷ ರೂಪಾಯಿ ಹಿಡಿಯಿತು. ಒಳಗಿದ್ದ ಎಣ್ಣೆ ಕಪ್ಪಗೆ ಸುಟ್ಟಿತ್ತು, ಅದನ್ನು ಒಮ್ಮೆಯೂ ಬದಲಿಸಿರಲಿಲ್ಲ. ಚಾಸಿ ನಂಬರ್ ಹಾಕಿ ಹಳೆಯ ದಾಖಲೆ ತೆಗೆದ ವರ್ಕ್‌ಶಾಪಿನವರು ತೋರಿಸಿದ ವಿಷಯ ಇನ್ನೂ ಕಷ್ಟದ್ದಾಗಿತ್ತು: ನಾನು ಕೊಳ್ಳುವುದಕ್ಕೆ ಮೂರು ವರ್ಷ ಮೊದಲೇ ಆ ಕಾರು 1,12,000 ಕಿ.ಮೀ. ಓಡಿತ್ತು. ಹೆಚ್ಚು ಓಡಿದೆ ಎಂದು ನಾನು ತಳ್ಳಿಹಾಕಿದ ಹುಬ್ಬಳ್ಳಿಯ ಕಾರಿಗಿಂತ ನನ್ನದೇ ಹೆಚ್ಚು ಓಡಿದ್ದಿರಬೇಕು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೊಳಗೂ ಅದೇ ಇದೆ. ಡ್ಯಾಶ್‌ಬೋರ್ಡಿನ ಅಂಕಿಯನ್ನು ಒಂದು ಸಣ್ಣ ಉಪಕರಣದಿಂದ ಬದಲಿಸಬಹುದು ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆರ್‌ಸಿಯ ಪ್ರತಿ ನನ್ನ ಫೋನಿನಲ್ಲಿಯೇ ಇತ್ತು. ಮಾಲೀಕರ ಒಪ್ಪಿಗೆ ಪಡೆದು ಚಾಸಿ ನಂಬರನ್ನು ಕಂಪನಿಯ ಅಧಿಕೃತ ವರ್ಕ್‌ಶಾಪಿಗೆ ಕೊಟ್ಟಿದ್ದರೆ, ಯಾವ ದಿನ ಎಷ್ಟು ಕಿಲೋಮೀಟರಿಗೆ ಯಾವ ಕೆಲಸವಾಗಿದೆ ಎಂಬ ಪಟ್ಟಿ ಕೈಗೆ ಬರುತ್ತಿತ್ತು. ಸಂಜೆಗೆ ಇನ್ನೊಬ್ಬ ಗಿರಾಕಿ ಬರುತ್ತಾರೆ ಎಂದು ಡೀಲರ್ ಅವಸರಪಡಿಸಿದ್ದು ನಿಜ, ಆದರೆ ನಾನು ಕೇಳದಿರಲು ಅದು ಕಾರಣವಲ್ಲ. 58,000 ಎಂಬ ಅಂಕಿಯನ್ನು ಕಂಡೊಡನೆ ನನ್ನ ಅನುಮಾನಗಳೆಲ್ಲ ತಾವಾಗಿಯೇ ತೀರಿಹೋಗಿದ್ದವು. 1,40,000 ಎಂದು ಕಂಡಿದ್ದರೆ ಎಂಜಿನ್ನಿನ ಕೆಳಗೆ ಮಲಗಿಯಾದರೂ ಪರೀಕ್ಷಿಸುತ್ತಿದ್ದ ನಾನು, ಬಣ್ಣ, ಸೀಟು, ಎಸಿ ಇಷ್ಟನ್ನೇ ನೋಡಿ ಹಣ ಎಣಿಸಿಕೊಟ್ಟೆ. ಸ್ಟೀರಿಂಗಿನ ಚರ್ಮ ಸವೆದು ಹೊಳೆಯುತ್ತಿತ್ತು, ಬ್ರೇಕ್ ಪೆಡಲಿನ ರಬ್ಬರಿನ ಗೆರೆಗಳು ಅಳಿಸಿಹೋಗಿದ್ದವು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು, ಅಂದರೆ ಅದು ತಯಾರಾದ ವಾರ ಮತ್ತು ವರ್ಷ, ಅಷ್ಟು ಕಡಿಮೆ ಓಡಿದ ಗಾಡಿಯ ಟೈರುಗಳನ್ನು ಅಷ್ಟು ಬೇಗ ಏಕೆ ಬದಲಿಸಿದರು ಎಂಬ ಪ್ರಶ್ನೆಯನ್ನು ಎತ್ತಬೇಕಿತ್ತು. ಇವೆಲ್ಲ ನನ್ನ ಕಣ್ಣಿಗೆ ಬಿದ್ದಿದ್ದವು, ಪ್ರತಿಯೊಂದಕ್ಕೂ ನಾನೇ ಒಂದೊಂದು ಸಮಾಧಾನ ಹುಡುಕಿಕೊಂಡಿದ್ದೆ. ಪರೀಕ್ಷೆಗೆಂದು ಓಡಿಸಿದ್ದೂ ಬೆಳಗಿನ ತಂಪಿನಲ್ಲಿ, ಎರಡು ಬೀದಿಗಳಷ್ಟು ದೂರ. ಗೇರ್‌ಬಾಕ್ಸಿನ ಇಂತಹ ದೋಷವು ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆಯೇ ಎದ್ದು ಕಾಣುವುದು.

ಆ 58,000 ನಿಜವೇ ಆಗಿದ್ದರೂ ನಾನು ಲೆಕ್ಕ ಹಾಕಿದ ರೀತಿ ತಪ್ಪೇ. ಸರಾಸರಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಬೆಂಗಳೂರಿನ ಸಿಗ್ನಲ್ಲುಗಳ ನಡುವೆ 60,000 ಕಿ.ಮೀ. ಓಡಿದ ಎಂಜಿನ್ 3,000 ಗಂಟೆ ಕೆಲಸ ಮಾಡಿರುತ್ತದೆ. ಹೆದ್ದಾರಿಯಲ್ಲಿ ಸರಾಸರಿ 70ರ ವೇಗದಲ್ಲಿ 1,40,000 ಕಿ.ಮೀ. ಓಡಿದ್ದು 2,000 ಗಂಟೆ ಮಾತ್ರ. ಬ್ರೇಕು, ಗೇರ್‌ಬಾಕ್ಸು, ಟರ್ಬೊ ಎಲ್ಲವೂ ನಗರದಲ್ಲಿಯೇ ಹೆಚ್ಚು ದಣಿಯುತ್ತವೆ. ಇನ್ನು ಕೂಲೆಂಟಿನ ಪ್ಲಾಸ್ಟಿಕ್ ಕೊಳವೆಗಳು, ಎಂಜಿನ್ ಮೌಂಟುಗಳು, ಸಸ್ಪೆನ್ಷನ್ನಿನ ಬುಷ್‌ಗಳು, ಏರ್ ಸಸ್ಪೆನ್ಷನ್ ಇದ್ದರೆ ಅದರ ರಬ್ಬರ್ ಚೀಲಗಳು, ಇವು ವಯಸ್ಸಿನಿಂದಲೂ ಬಿಸಿಯಿಂದಲೂ ಬಿರುಕು ಬಿಡುತ್ತವೆ. ಮೀಟರಿನಲ್ಲಿ ಎಷ್ಟಿದ್ದರೂ 2014ರ ಕಾರಿನಲ್ಲಿ ಅವೆಲ್ಲ ಹಳೆಯವೇ. ಆದ್ದರಿಂದ 1,40,000 ಹೆಚ್ಚೇ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ಆ 1,40,000 ಕಿಲೋಮೀಟರ್ ಕಾಗದದ ಮೇಲೆ ಬಿಲ್ಲು ಬಿಲ್ಲಾಗಿ ಇದೆಯೇ ಎಂದು ಕೇಳಿ. ಇದ್ದರೆ, ದಾಖಲೆಯಿಲ್ಲದ ಯಾವ 50,000ದ ಕಾರಿಗಿಂತಲೂ ಅದನ್ನೇ ಕೊಳ್ಳಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹೊಸ ಸಣ್ಣ ಕಾರಿನೊಂದಿಗೆ ನೀವು ಮಾಡಿರುವ ಹೋಲಿಕೆಯನ್ನೂ ನಾನು ಒಪ್ಪುವುದಿಲ್ಲ. ಅರ್ಧ ಕೋಟಿಯ ಆಸುಪಾಸಿನಲ್ಲಿ ಮಾರಾಟವಾಗಿದ್ದ ಕಾರಿನ ಬೆಲೆ ಐದನೆಯ ಒಂದು ಭಾಗಕ್ಕೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ, ಕೆಲಸಗಾರರ ಕೂಲಿಯೂ ಇಳಿಯುವುದಿಲ್ಲ. ಇ-ಕ್ಲಾಸಿನ 2.1 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ: ಅದರ ಟೈಮಿಂಗ್ ಚೈನ್, ಅಂದರೆ ಕವಾಟಗಳ ಚಲನೆಯನ್ನು ಹೊಂದಿಸುವ ಸರಪಳಿ, ಇರುವುದು ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸಿನ ಕಡೆಗೆ. ಹೀಗಾಗಿ ಆ ಬದಿಯ ಕೆಲಸವೆಂದರೆ ಚೈನಿನ ಬೆಲೆಗಿಂತ ಅಲ್ಲಿಗೆ ಕೈ ಮುಟ್ಟಿಸುವ ಕೂಲಿಯೇ ದೊಡ್ಡದು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಕನ್ನಡಿ, ದೀಪ, ಬಾಗಿಲಿನಂಥವು ಅಗ್ಗಕ್ಕೆ ಸಿಗಬಹುದು. ಇಂಜೆಕ್ಟರು, ಗೇರ್‌ಬಾಕ್ಸಿನ ಭಾಗಗಳನ್ನು ಅಲ್ಲಿಂದ ತರುವುದನ್ನು ನಾನು ಸರಿಯೆನ್ನುವುದಿಲ್ಲ. ಹಾಗಾಗಿ ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ. ಬೆಲೆಯ ಮೂರನೆಯ ಒಂದು ಭಾಗದಷ್ಟನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡಲು ಸಾಧ್ಯವಿಲ್ಲದಿದ್ದರೆ, ಅಥವಾ ಕೊಳ್ಳಲು ಸಾಲವೇ ಬೇಕೆಂದಾದರೆ, ಸಣ್ಣ ಕಾರನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಇದೊಂದೇ ವಾಹನವಾಗುವುದಾದರೂ ನನ್ನ ಉತ್ತರ ಅದೇ.

ದೆಹಲಿಯಲ್ಲಿ ಇಂತಹದೇ ಕಾರು ಇನ್ನೂ ಅಗ್ಗವೆಂದು ನೀವು ಬರೆದಿದ್ದೀರಿ. ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ವಿಧಿಸಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನ ಬೆಲೆಗಳು ಬಿದ್ದವು. ಆದರೆ ಇಲ್ಲಿ ಮರುನೋಂದಣಿ ಮಾಡಿಸುವಾಗ ಜೀವಾವಧಿ ತೆರಿಗೆಯನ್ನು ಕಾರಿನ ಮೂಲ ಬೆಲೆಯ ಆಧಾರದ ಮೇಲೆ, ವಯಸ್ಸಿಗೆ ತಕ್ಕ ಕಡಿತದೊಂದಿಗೆ ಲೆಕ್ಕ ಹಾಕುತ್ತಾರೆ. ನೀವು ಕೊಟ್ಟ ಬೆಲೆಯ ಮೇಲಲ್ಲ. ಅದನ್ನು ಸೇರಿಸಿದರೆ ಉಳಿತಾಯದ ಬಹುಭಾಗ ಕರಗುತ್ತದೆ. ಕರ್ನಾಟಕದ ನೋಂದಣಿಯ ಕಾರಿಗೇ ಅಂಟಿಕೊಳ್ಳಿ, ಅದರ 15 ವರ್ಷಗಳ ನೋಂದಣಿ 2029ಕ್ಕೆ ಮುಗಿಯುತ್ತದೆ ಎಂಬುದನ್ನೂ ಬೆಲೆ ಮಾತನಾಡುವಾಗ ಹೇಳಿ.

ಬೆಂಗಳೂರಿನ ಕಾರಾದರೆ ಇನ್ನೊಂದು ಎಚ್ಚರಿಕೆ ಬೇಕು. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರಿನ ಕಡೆ ನೆಲಮಾಳಿಗೆಗಳಲ್ಲಿ ಮುಳುಗಿದ ದುಬಾರಿ ಕಾರುಗಳನ್ನು ಎಲ್ಲರೂ ಕಂಡಿದ್ದೇವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ, ಸ್ಪೇರ್ ಟೈರಿನ ಗುಂಡಿಯನ್ನೂ ಕಾರ್ಪೆಟ್ಟಿನ ಅಡಿಯನ್ನೂ ಮುಟ್ಟಿ ನೋಡಿ. ಹಿಂದಿನ ವರ್ಷಗಳ ವಿಮಾ ಕ್ಲೇಮುಗಳ ವಿವರವನ್ನು ಮಾಲೀಕರಿಂದಲೇ ಕೇಳಿ ಪಡೆಯಿರಿ.

ಈಗ ಮಾಡಬೇಕಾದ್ದು ಇಷ್ಟು. ಮುಂಗಡ ಕೊಡುವ ಮೊದಲು ಫೈಲನ್ನು ತರಿಸಿಕೊಂಡು, ಅದನ್ನು ವರ್ಕ್‌ಶಾಪಿನ ದಾಖಲೆಯೊಂದಿಗೆ ಕುಳಿತು ತಾಳೆ ನೋಡಿ. ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದ ಬಿಲ್ಲನ್ನು ವಿಶೇಷವಾಗಿ ಹುಡುಕಿ; ಈ ಎಣ್ಣೆ ಕಾರಿನ ಆಯುಷ್ಯಪೂರ್ತಿ ಬರುತ್ತದೆ ಎನ್ನುವವರ ಮಾತನ್ನು ನಂಬಬೇಡಿ, ಹಲವು ಜರ್ಮನ್ ಕಾರುಗಳಿಗೆ ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತದೆ. ನೈಸ್ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಿ, ಆಮೇಲೆ ನಗರದ ದಟ್ಟಣೆಯಲ್ಲಿ ನಿಧಾನಕ್ಕೆ ನಡೆಸಿ, ಅಲ್ಲಿಂದ ನೇರವಾಗಿ ಜರ್ಮನ್ ಕಾರುಗಳನ್ನೇ ನೋಡುವ ಗ್ಯಾರೇಜಿಗೆ ಒಯ್ದು ಸ್ಕ್ಯಾನರ್ ಹಾಕಿಸಿ. ನಿಯಂತ್ರಣ ಘಟಕಗಳಲ್ಲಿ, ಅಂದರೆ ಕಾರಿನೊಳಗಿನ ಚಿಕ್ಕ ಕಂಪ್ಯೂಟರುಗಳಲ್ಲಿ, ದಾಖಲಾಗಿರುವ ಕಿಲೋಮೀಟರ್ ಅಂಕಿಗಳೆಲ್ಲ ಹೊಂದಿಕೆಯಾಗಬೇಕು. ಮಾರುವವರು ಡೀಲರ್ ಆಗಿದ್ದರೆ, 2023ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಆರ್‌ಟಿಒ ಅಧಿಕಾರ ಪತ್ರವನ್ನು ತೋರಿಸಲು ಹೇಳಿ. ಮಾಲೀಕರು ಫೈಲ್ ತೋರಿಸಲು ಹಿಂಜರಿದರೆ ಬೆಲೆಯ ಮಾತನ್ನೇ ಎತ್ತಬೇಡಿ, ಬೇರೆ ಕಾರು ನೋಡಿ. ಫೈಲ್ ಸರಿಯಾಗಿದ್ದು ಗೇರ್‌ಬಾಕ್ಸಿನ ಬಿಲ್ಲೊಂದೇ ಇಲ್ಲದಿದ್ದರೆ, ಎಣ್ಣೆ ಮತ್ತು ಫಿಲ್ಟರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿಸಿಕೊಂಡು, ಕೊಂಡ ವಾರವೇ ಆ ಕೆಲಸ ಮಾಡಿಸಿ.